ನಾಲ್ಕರ ಕಡೆ ಎದ್ದ ಮುಳ್ಳು

ಅಶೋಕಪುರಂ, ಮೈಸೂರು
6 ಜನವರಿ 2025

ಮಂಗಳಮ್ಮನವರಿಗೆ ನಮಸ್ಕಾರ.

ನನ್ನ ಹೆಸರು ಸುಮಾ. ಇಲ್ಲಿಯ ಕಾಲೇಜೊಂದರ ಭೌತಶಾಸ್ತ್ರದ ಲ್ಯಾಬಿನಲ್ಲಿ ಸಹಾಯಕಿ. ಭಾನುವಾರದ ಬೆಳಿಗ್ಗೆ ಸಿಬಿ ರೇಡಿಯೊದ ವೈರ್‌ಲೆಸ್ ಹರಟೆಯಲ್ಲಿ ನಿಮ್ಮ ದನಿ ಕೇಳುತ್ತಿರುತ್ತೇನೆ. ಆದರೆ ಈಗ ಹೇಳಹೊರಟಿರುವುದನ್ನು ಅಲ್ಲಿ ಹೇಳುವಂತಿಲ್ಲ. ಆ ಚಾನೆಲ್ಲಿಗೆ ಕಿವಿಗಳು ಬಹಳ. ನಿಮ್ಮೂರಿಗೆ ಫೋನಿನ ಸಿಗ್ನಲ್ ಬರುವುದಿಲ್ಲವಂತೆ. ಆದ್ದರಿಂದ ಕಾಗದ ಬರೆಯುತ್ತಿದ್ದೇನೆ.

ನಿಮ್ಮ ಆನೆ ಕಾವಲು ಸಂಘದವರು ಕಾಡಂಚಿನ ಹತ್ತು ಊರುಗಳಿಗೆ ಬೀಮ್ ಆಂಟೆನಾ ಹಾಕಿಸುತ್ತೀರೆಂದೂ, ರಾಮಕೃಷ್ಣನಗರದ ರಾಜೇಶ್ ತಾನೇ ಕಂಡುಹಿಡಿದ ಆಂಟೆನಾ ಕೊಡುತ್ತಾನೆಂದೂ ಕೇಳಿದೆ. ನನ್ನ ಬಳಿ ಇನ್ನೊಂದು ಆಂಟೆನಾ ಇದೆ. ನನ್ನ ಯಜಮಾನರು ಪ್ರೇಮ್‌ಕುಮಾರ್ ಮಾಡಿದ್ದು. ನೀವು ತೀರ್ಮಾನ ಮಾಡುವ ಮೊದಲು ಎರಡನ್ನೂ ಪರೀಕ್ಷಿಸಬೇಕೆಂದು ನನ್ನ ಕೋರಿಕೆ.

ಪರಿಚಯದ ಅಮರ್ ಎಂಬವರ ಹೆಸರಲ್ಲಿ ರಾಜೇಶನ ಆಂಟೆನಾ ಒಂದನ್ನು ತರಿಸಿಕೊಂಡಿದ್ದೇನೆ. ಒಂದು ಭಾನುವಾರ ಒಂದನ್ನು, ಮುಂದಿನ ಭಾನುವಾರ ಇನ್ನೊಂದನ್ನು ನಮ್ಮ ತಾರಸಿಯ ಕಂಬಕ್ಕೆ ಕಟ್ಟುತ್ತೇನೆ. ಯಾವುದು ಯಾವತ್ತು ಎಂದು ನಿಮಗೆ ಹೇಳುವುದಿಲ್ಲ. ನೀವು ನಿಮ್ಮ ಸೆಟ್ಟಿನ ಮುಂದೆ ಕೂತು ಮೀಟರಿನ ಮುಳ್ಳು ಎಲ್ಲಿಗೆ ಏರುತ್ತದೆ ಎಂದು ಬರೆದುಕೊಂಡರೆ ಸಾಕು. ಹೆಸರು ಗೊತ್ತಿಲ್ಲದಿದ್ದರೆ ಯಾರ ಪಕ್ಷಪಾತವೂ ಆಗುವುದಿಲ್ಲ.

ಇಂತಿ,
ಸುಮಾ


ಬೇಲದಹುಂಡಿ
15 ಜನವರಿ 2025

ಸುಮಾ ಅವರಿಗೆ ಮಂಗಳಮ್ಮನ ನಮಸ್ಕಾರಗಳು.

ಕಾಗದ ಹಬ್ಬದ ದಿನ ಕೈ ಸೇರಿತು. ಇಲ್ಲಿಯ ಪೋಸ್ಟ್‌ಮ್ಯಾನ್ ಮನಸ್ಸು ಬಂದಾಗ ಬರುತ್ತಾರೆ.

ನೀವು ಹೇಳಿದ ಪರೀಕ್ಷೆಗೆ ನಾನು ಸಿದ್ಧ. ನನಗೂ ಒಂದು ಬಾಧೆ ಇದೆ. ಹೋದ ವರ್ಷ ಮಳೆಗಾಲ ಮುಗಿದ ಮೇಲೆ ರಾಜೇಶಪ್ಪ ನಮ್ಮ ಮನೆಗೊಂದು, ಮೇಲುಕೊಪ್ಪಲಿಗೊಂದು ಆಂಟೆನಾ ಹಾಕಿಕೊಟ್ಟರು. ಆನೆ ಇಳಿಯುವುದು ಮೇಲುಕೊಪ್ಪಲಿನ ಕಡೆಯಿಂದಲೇ. ಅಲ್ಲಿಯವರು ಸೆಟ್ಟಿನಲ್ಲಿ ಕೂಗಿದರೆ ನಮಗೆ ಕೇಳಬೇಕು, ನಾವು ಮಿಕ್ಕ ಊರಿಗೆ ತಿಳಿಸಬೇಕು. ಮಾತು ಕೇಳುತ್ತದೆ. ಆದರೆ ಸೋಲಾರ್ ಬೇಲಿಯ ಟಕ್ ಟಕ್ ಸದ್ದು ಮಾತಿನ ಮೇಲೇ ಕೂರುತ್ತದೆ. ಬೇಲಿ ನಮ್ಮ ಆಂಟೆನಾದ ಬೆನ್ನಿಗಿದೆ. ಬೀಮ್ ಆಂಟೆನಾ ಎಂದರೆ ಮುಖ ಮಾಡಿದ ಕಡೆಗಷ್ಟೇ ಕಿವಿ ಎಂದು ರಾಜೇಶಪ್ಪ ಹೇಳಿದ್ದರು. ಹಾಗಾದರೆ ಬೆನ್ನ ಹಿಂದಿನ ಸದ್ದು ಯಾಕೆ ಕೇಳಬೇಕು? ಕೇಳಿದರೆ ಎಲ್ಲ ಬೀಮೂ ಅಷ್ಟೇ ಅಂದರು. ಅದು ನಿಜವೋ ಅಲ್ಲವೋ ತಿಳಿದ ಹಾಗಾಗುತ್ತದೆ.

ಒಂದು ಮಾತು. ನೀವೊಬ್ಬರೇ ಯಾಕೆ ಕಷ್ಟಪಡುತ್ತೀರಿ? ನಿಮ್ಮ ಯಜಮಾನರನ್ನೇ ಒಮ್ಮೆ ಕರೆದುಕೊಂಡು ಬನ್ನಿ. ನಮ್ಮ ಮನೆಯವರು ಸಿದ್ದಪ್ಪಾಜಿ ಮಾತುಗಾರರು. ಅವರಿಗೆ ಜೊತೆ ಸಿಕ್ಕ ಹಾಗಾಗುತ್ತದೆ.

ಇಂತಿ,
ಮಂಗಳಮ್ಮ


ಅಶೋಕಪುರಂ
22 ಜನವರಿ 2025

ಮಂಗಳಮ್ಮನವರಿಗೆ,

ಒಪ್ಪಿಕೊಂಡಿದ್ದಕ್ಕೆ ಋಣಿ. ನಮ್ಮ ಯಜಮಾನರಿಗೆ ಬರಲಾಗುವುದಿಲ್ಲ.

ಪರೀಕ್ಷೆಯ ಕ್ರಮ ಹೀಗೆ. ಇದೇ ಭಾನುವಾರ ಮತ್ತು ಮುಂದಿನ ಭಾನುವಾರ, ಬೆಳಗಿನ ಹರಟೆ ಮುಗಿದ ಮೇಲೆ ನಾನು ಸೆಟ್ಟಿನಲ್ಲಿ ಅಂಕಿಗಳನ್ನು ಹೇಳುತ್ತೇನೆ. ಗಡಿಯಾರವನ್ನು ನೆನೆಸಿಕೊಳ್ಳಿ. "ಹನ್ನೆರಡು" ಅಂದರೆ ನನ್ನ ಆಂಟೆನಾ ನೇರ ನಿಮ್ಮೂರಿಗೆ ಮುಖ ಮಾಡಿದೆ ಎಂದರ್ಥ. ಆಮೇಲೆ ಒಂದು, ಎರಡು, ಮೂರು ಎಂದು ತಿರುಗಿಸುತ್ತಾ ಹೋಗುತ್ತೇನೆ. "ಆರು" ಅಂದಾಗ ಬೆನ್ನು ನಿಮ್ಮ ಕಡೆಗೆ. ಪ್ರತಿ ಅಂಕಿಗೂ ಮುಳ್ಳು ಎಲ್ಲಿ ನಿಂತಿತೆಂದು ಬರೆದುಕೊಳ್ಳಿ. ನಿಮ್ಮ ಆಂಟೆನಾ ಈಗಿರುವ ಕಡೆಗೇ ಇರಲಿ, ನಡುವೆ ಅಲುಗಿಸಬೇಡಿ. ಒಳ್ಳೆಯ ಬೀಮ್ ಆದರೆ ಹನ್ನೆರಡಕ್ಕೆ ಮುಳ್ಳು ಎದ್ದು, ನಾಲ್ಕರಿಂದ ಎಂಟರವರೆಗೆ ಮಲಗಿರಬೇಕು.

ಚಾನೆಲ್ಲಿನಲ್ಲಿ ಯಾರಾದರೂ ಏನಿದು ಎಂದು ಕೇಳಿದರೆ ಸೆಟ್ಟು ರಿಪೇರಿ ಅಂದುಬಿಡಿ. ರಾಜೇಶ ಕೇಳಿಸಿಕೊಳ್ಳುತ್ತಾ ಕೂತಿರುತ್ತಾನೆ. ಕೇಳಿಸಿಕೊಳ್ಳಲಿ. ತನ್ನ ಗುಂಡಿಯನ್ನು ತೋಡುವ ಸದ್ದು ಎಂದು ಅವನಿಗೆ ತಿಳಿಯುವುದಿಲ್ಲ.

ಸುಮಾ


ಬೇಲದಹುಂಡಿ
5 ಫೆಬ್ರವರಿ 2025

ಸುಮಾ ಅವರಿಗೆ,

ಎರಡೂ ಭಾನುವಾರ ಬರೆದುಕೊಂಡದ್ದನ್ನು ಬೇರೆ ಹಾಳೆಯಲ್ಲಿ ಲಗತ್ತಿಸಿದ್ದೇನೆ. ಆದರೆ ಅದನ್ನು ನೋಡುವ ಮೊದಲು ನನ್ನದೊಂದು ದೂರಿದೆ. ನನ್ನನ್ನು ಪರೀಕ್ಷೆ ಮಾಡುತ್ತಿದ್ದೀರಾ? ಎರಡು ಸಲವೂ ನೀವು ಹಾಕಿದ್ದು ಒಂದೇ ಆಂಟೆನಾ.

ಹನ್ನೆರಡಕ್ಕೆ ಮುಳ್ಳು ಚೆನ್ನಾಗಿ ಎದ್ದಿತು. ಮೂರಕ್ಕೆ ಬಿದ್ದಿತು. ಮತ್ತೆ ನಾಲ್ಕರ ಕಡೆ ಎದ್ದಿತು. ನೀವೇ ಅಂದಿದ್ದಿರಿ, ಅಲ್ಲಿ ಮಲಗಿರಬೇಕೆಂದು. ಆರು, ಏಳು, ಎಂಟಕ್ಕೆ ಸರಿಯಾಗಿ ಮಲಗಿತ್ತು. ಮುಂದಿನ ಭಾನುವಾರವೂ ಹಾಗೇ, ಅದೇ ನಾಲ್ಕಕ್ಕೆ ಅಷ್ಟೇ ಎತ್ತರ ಎದ್ದಿತು. ಬೇರೆಬೇರೆ ಎರಡಾಗಿದ್ದರೆ ಒಂದು ಕೂದಲೆಳೆಯಾದರೂ ವ್ಯತ್ಯಾಸ ಬೇಡವೇ? ಸಿದ್ದಪ್ಪಾಜಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡಿದ್ದೆ. ಅವರೂ "ಅದ್ನೇ ಇಕ್ಕವ್ರೆ ಕಣಮ್ಮಿ" ಅಂದರು.

ನಿಮ್ಮ ಆಂಟೆನಾ ನಾಲ್ಕಕ್ಕೆ ತಿರುಗಿದಾಗ ನಮ್ಮೂರು ಅದರ ಹಿಂಬದಿಯ ಎಡಕ್ಕೆ ಬರುತ್ತದೆ. ನಮ್ಮ ಆಂಟೆನಾದ ಟಕ್ ಟಕ್ ಬರುವುದೂ ಇದೇ ಕಡೆಯಿಂದ, ಹಿಂಬದಿಯ ಎಡ ಮಗ್ಗುಲಿನಿಂದ. ಇದಕ್ಕೇನರ್ಥ?

ಮಂಗಳಮ್ಮ


ಅಶೋಕಪುರಂ
9 ಫೆಬ್ರವರಿ 2025

ಮಂಗಳಕ್ಕ,

ಅಕ್ಕ ಎಂದು ಕರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಕಾಗದ ಓದಿ ನಾನು ತಾರಸಿಗೆ ಹೋಗಿ ಒಬ್ಬಳೇ ನಕ್ಕೆ. ಒಂದು ವರ್ಷದಲ್ಲಿ ಮೊದಲ ಸಲ.

ನಾನು ಒಂದೇ ಆಂಟೆನಾ ಹಾಕಲಿಲ್ಲ. ಮೊದಲ ಭಾನುವಾರ ಪ್ರೇಮ್ ಮಾಡಿದ್ದು, ಎರಡನೇ ಭಾನುವಾರ ರಾಜೇಶನದು. ನಿಮಗೆ ಒಂದೇ ಅನ್ನಿಸಿದ್ದು ಯಾಕೆಂದರೆ ರಾಜೇಶ ಅದನ್ನು ಕದ್ದಿದ್ದಾನೆ. ತಪ್ಪಿನ ಸಮೇತ ಕದ್ದಿದ್ದಾನೆ.

ಆ ತಪ್ಪಿನ ಕಥೆ ಕೇಳಿ. ಆಂಟೆನಾದಿಂದ ಇಳಿಯುವ ಕೇಬಲ್ ನಡುಮಧ್ಯದಿಂದ ನೇರ ಕೆಳಗಿಳಿಯಬೇಕು. ನಮ್ಮ ತಾರಸಿಯಲ್ಲಿ ಕಂಬದ ಬುಡಕ್ಕೇ ನೀರಿನ ಟ್ಯಾಂಕ್ ಇದೆ. ಕೇಬಲ್ ಅದರ ಮೇಲೆ ಬಿದ್ದು ಸವೆಯುತ್ತಿತ್ತು. ಅದಕ್ಕೆ ಪ್ರೇಮ್ ಕೇಬಲ್ಲನ್ನು ಆಂಟೆನಾದ ಎಡ ತೋಳಿನ ಮೇಲೆ ಅರ್ಧದವರೆಗೆ ಎಳೆದು ಅಲ್ಲಿಂದ ಇಳಿಸಿದರು. ಹಾಗೆ ಮಾಡಿದರೆ ಕೇಬಲ್ಲೇ ಆಂಟೆನಾದ ಹಾಗೆ ಕೆಲಸ ಮಾಡಿ ಹಿಂಬದಿಯ ಎಡಕ್ಕೆ ಸದ್ದು ಸೋರುತ್ತದೆ. ಪ್ರೇಮ್‌ಗೆ ಗೊತ್ತಿತ್ತು. ಟ್ಯಾಂಕ್ ಸರಿಸಿದ ಮೇಲೆ ಸರಿಮಾಡೋಣ ಅಂದಿದ್ದರು. ರಾಜೇಶನ ಆಂಟೆನಾದಲ್ಲೂ ಕೇಬಲ್ ಎಡ ತೋಳಿನ ಮೇಲೇ ಹಾದಿದೆ. ಅವನಿಗೆ ಯಾವ ಟ್ಯಾಂಕ್ ಅಡ್ಡ ಬಂದಿತ್ತು, ಕೇಳಿ.

ಇನ್ನು ನಾನು ಮುಚ್ಚಿಟ್ಟದ್ದನ್ನು ಹೇಳುತ್ತೇನೆ. ಪ್ರೇಮ್ ಈಗ ಇಲ್ಲ. ಅವರೂ ರಾಜೇಶನೂ ಜೊತೆಯಲ್ಲಿ ಕೆಲಸ ಮಾಡುತ್ತಿದ್ದರು. ಹೋದ ಫೆಬ್ರವರಿಯಲ್ಲಿ ಯಾದವಗಿರಿಯ ಒಂದು ಬಂಗಲೆಯ ಮೇಲೆ ಆಂಟೆನಾ ಕಟ್ಟಲು ಹೋಗಿದ್ದರು. ಎರಡು ಪೈಪು ಕೂಡಿಸುವ ಕ್ಲಾಂಪ್ ಜಾರಿತು. ಕಂಬ ಮಡಚಿಕೊಂಡಿತು, ಪ್ರೇಮ್ ಅಂಗಳದ ಕಲ್ಲಿನ ಮೇಲೆ ಬಿದ್ದರು. ಕೆಳಗೆ ನಿಂತು ಕ್ಲಾಂಪ್ ಬಿಗಿ ಮಾಡಿದ್ದವನು ರಾಜೇಶ. ನಾನು ಆಸ್ಪತ್ರೆಗೆ ಮುಟ್ಟುವಷ್ಟರಲ್ಲಿ ಅವನು ಎಲ್ಲರಿಗೂ ಹೇಳಿಬಿಟ್ಟಿದ್ದ, ಕುಡಿದು ಹತ್ತಿದ್ದ ಎಂದು.

ಪ್ರೇಮ್ ಕುಡಿಯುತ್ತಿರಲಿಲ್ಲ. ಆಸ್ಪತ್ರೆಯ ವರದಿಯಲ್ಲೂ ಅದೇ ಇದೆ. ಆದರೆ ವರದಿಯನ್ನು ಓದುವವರು ಯಾರು? ನಮ್ಮ ಬೀದಿಯ ಹುಡುಗ ಕುಡಿದು ಸತ್ತ ಅಂದರೆ ಈ ಊರಿನಲ್ಲಿ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಅದು ರಾಜೇಶನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಹೇಳಿದ. ನಮ್ಮತ್ತೆ ಮಂಚಮ್ಮ ಅವತ್ತಿನಿಂದ ಬುದ್ಧ ವಿಹಾರಕ್ಕೆ ಹೋಗುವುದನ್ನೇ ಬಿಟ್ಟಿದ್ದಾರೆ. ಅಲ್ಲಿ ಯಾರೂ ಏನೂ ಅನ್ನುವುದಿಲ್ಲ. ಅನ್ನದೆ ಇರುವುದನ್ನೇ ಅವರಿಗೆ ತಡೆಯಲಾಗುವುದಿಲ್ಲ.

ಅಕ್ಕ, ನಿಮ್ಮ ಸಂಘದ ಸಭೆ ಕರೆಯಿರಿ. ರಾಜೇಶನನ್ನೂ ಕರೆಸಿ, ನಾನು ಬರುವುದನ್ನು ಅವನಿಗೆ ತಿಳಿಸಬೇಡಿ. ಹತ್ತೂ ಊರಿನವರ ಎದುರಿಗೆ ನಾನು ಒಂದೇ ಒಂದು ಪ್ರಶ್ನೆ ಕೇಳಬೇಕು. ಅವನು ಮೈಸೂರಿನಲ್ಲೂ ನಿಮ್ಮ ಕಡೆಯ ಯಾವ ಊರಿನಲ್ಲೂ ತಲೆ ಎತ್ತಿ ಓಡಾಡಬಾರದು. ನನಗೆ ಬೇಕಿರುವುದು ಅಷ್ಟೇ.

ನಿಮ್ಮ ತಂಗಿ,
ಸುಮಾ


ಬೇಲದಹುಂಡಿ
19 ಫೆಬ್ರವರಿ 2025

ತಂಗಿ ಸುಮಾಳಿಗೆ,

ಯಜಮಾನರನ್ನು ಕರೆದುಕೊಂಡು ಬಾ ಎಂದು ಬರೆದಿದ್ದೆನಲ್ಲ, ತಿಳಿಯದೆ ಬರೆದದ್ದು, ಮನ್ನಿಸು.

ಸಭೆ ಮಾರ್ಚ್ ಒಂಬತ್ತು, ಭಾನುವಾರ. ರಾಜೇಶಪ್ಪನಿಗೆ ಹೇಳಿ ಕಳಿಸಿದ್ದೇನೆ. ನಿನ್ನ ವಿಷಯ ಹೇಳಿಲ್ಲ.

ಅವರು ನಮ್ಮೂರಿಗೆ ಬೇಕಾದವರು, ಸುಮಾ. ಗಾಳಿ ಬೀಸಿದ ಮಾರನೇ ದಿನ ಯಾರೂ ಕರೆಯದೆ ಬಂದು ಎರಡೂ ಕಂಬ ನೋಡಿಕೊಂಡು ಹೋಗುತ್ತಾರೆ. ನಿನ್ನ ಮಾತು ಸುಳ್ಳೆಂದು ಹೇಳುತ್ತಿಲ್ಲ. ಕೇಳಬೇಕಾದ್ದನ್ನು ಕೇಳು. ಬೇಕಾದಷ್ಟು ಕೇಳಿ ನಿಲ್ಲಿಸು.

ಮಂಗಳಮ್ಮ


ಅಶೋಕಪುರಂ
11 ಮಾರ್ಚ್ 2025

ಅಕ್ಕ,

ನೀವು ಸಭೆಯ ನಡುವೆ ಎದ್ದು ಒಳಗೆ ಹೋದಿರಿ. ಊಟದ ಏರ್ಪಾಟಿಗೆ ಎಂದುಕೊಂಡೆ. ಕೊನೆಯದನ್ನು ನೀವು ಕೇಳಲಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನನ್ನು ನೋಡಿದಾಗಲೇ ಅವನ ಮುಖ ಬಿಳುಚಿಕೊಂಡಿದ್ದನ್ನು ನೀವೂ ಕಂಡಿರಿ. ನಾನು ಎರಡು ಆಂಟೆನಾಗಳನ್ನೂ ಜಗಲಿಯ ಮೇಲೆ ಮಲಗಿಸಿ, ಕೇಬಲ್ ಯಾಕೆ ಎಡಗಡೆಯಿಂದ ಬಂದಿದೆ ಎಂದು ಕೇಳಿದೆ. ಸಿಗ್ನಲ್ ಚೆನ್ನಾಗಿ ಬರಲೆಂದು ಅಂದ. ಆಗಲೇ ನೀವು ಎದ್ದದ್ದು. ನಾನು ಬಿಡಲಿಲ್ಲ. ಹೇಗೆ ಚೆನ್ನಾಗಿ ಬರುತ್ತದೆ, ಹಿಂದಿನಿಂದ ಟಕ್ ಟಕ್ ಯಾಕೆ ಎಂದು ಕೇಳಿದೆ. ಗಾಳಿ ಅಂದ, ಕಬ್ಬಿಣ ಅಂದ, ಸೆಟ್ಟಿನ ದೋಷ ಅಂದ. ಮೇಲುಕೊಪ್ಪಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ನಮ್ಮ ತಾರಸಿಯ ಟ್ಯಾಂಕಿನ ಫೋಟೊ ತೆಗೆದು ಎಲ್ಲರ ಕೈಗೂ ಕೊಟ್ಟೆ.

ಅವನು ಫೋಟೊ ನೋಡಿ, "ಪ್ರೇಮ ಅಂಗೇ ಮಾಡಿದ್ದ. ನಾನೂ ಅಂಗೇ ಮಾಡ್ಬುಟ್ಟೆ" ಅಂದ.

ನನ್ನ ಪ್ರಶ್ನೆ ಅಲ್ಲಿಗೆ ಮುಗಿದಿತ್ತು. ಇನ್ನೊಂದು ಪ್ರಶ್ನೆ ಕೇಳಿದ್ದು ನಿಮ್ಮ ಮನೆಯವರು. ಮೂಲೆಯಲ್ಲಿ ಗೋಡೆಗೊರಗಿ ಕೂತಿದ್ದ ಸಿದ್ದಪ್ಪಾಜಿಯವರು, ಜೋರು ಮಾಡದೆ, ಮನೆಯ ಹುಡುಗನನ್ನು ಕೇಳುವ ಹಾಗೆ ಕೇಳಿದರು. "ಅವತ್ತು ಆ ಹುಡ್ಗ ಕುಡ್ದಿದ್ನೇನಪ್ಪಾ, ರಾಜೇಸ?"

ನನಗಾದರೆ ಸುಳ್ಳು ಹೇಳುತ್ತಿದ್ದನೇನೋ. ಅವರಿಗೆ ಹೇಳಲಾಗಲಿಲ್ಲ. "ಇಲ್ಲ ಕಣಜ್ಜ. ಕ್ಲಾಂಪಿಗೆ ಒಂದೇ ಬೋಲ್ಟ್ ಹಾಕಿದ್ದೆ. ಭಯ ಆಯ್ತು, ಅಂಗಂದ್ಬುಟ್ಟೆ" ಅಂದ. ನನ್ನ ಜೊತೆ ಬಂದಿದ್ದ ಅಮರ್ ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರು. ರಾತ್ರಿಯೇ ಇಲ್ಲಿ ಎಲ್ಲರಿಗೂ ಕಳಿಸಿದೆ. ನಮ್ಮ ಬೀದಿಗೆ, ರಾಮಕೃಷ್ಣನಗರದಲ್ಲಿ ಅವನ ಬೀದಿಗೆ, ಅವನ ಹೆಂಡತಿಯ ತಮ್ಮನಿಗೆ, ಯಾರನ್ನೂ ಬಿಡಲಿಲ್ಲ. ಅವನ ಅಂಗಡಿ ನಿನ್ನೆಯಿಂದ ಬಾಗಿಲು ತೆಗೆದಿಲ್ಲವಂತೆ.

ಅತ್ತೆ ರೆಕಾರ್ಡನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿದರು. ಆಮೇಲೆ ಬಿಳಿ ಸೀರೆ ತೆಗೆದಿಡು, ಭಾನುವಾರ ವಿಹಾರಕ್ಕೆ ಹೋಗಬೇಕು ಅಂದರು.

ಈ ಋಣವನ್ನು ಹೇಗೆ ತೀರಿಸಲಿ ಅಕ್ಕ. ಆಂಟೆನಾ ತೀರ್ಮಾನ ಏನಾಯಿತು ಬರೆಯಿರಿ. ರಜೆ ಸಿಕ್ಕಾಗ ಪ್ರೇಮ್ ಆಂಟೆನಾವನ್ನು ಕೇಬಲ್ ಸರಿಮಾಡಿ ಕೊಡುತ್ತೇನೆ. ಅವಸರವೇನಿಲ್ಲವಲ್ಲ.

ಸುಮಾ


ಅಶೋಕಪುರಂ
4 ಏಪ್ರಿಲ್ 2025

ಅಕ್ಕ,

ನಿಮ್ಮ ಉತ್ತರ ಬರಲಿಲ್ಲ. ಅಂಚೆಯವರು ಎಲ್ಲೋ ಕಳೆದಿರಬೇಕು. ಭಾನುವಾರದ ಚಾನೆಲ್ಲಿನಲ್ಲೂ ನಿಮ್ಮ ದನಿ ಅಪರೂಪವಾಗಿದೆ. ಹೊಲದ ಕೆಲಸ ಇರಬಹುದು.

ರಾಜೇಶ ಅಂಗಡಿ ಖಾಲಿ ಮಾಡಿದನಂತೆ. ಚಾನೆಲ್ಲಿನಲ್ಲಿ ಅವನ ಸುದ್ದಿಯೇ ಇಲ್ಲ. ಅವನ ಮನೆಯ ಮೇಲಿನ ಆಂಟೆನಾ ಕೂಡ ಇಳಿದಿದೆ. ಬಸ್ಸಿನಲ್ಲಿ ಹೋಗುವಾಗ ನೋಡಿದೆ. ನೋಡಲೆಂದೇ ಒಂದು ಸ್ಟಾಪ್ ಮುಂದೆ ಹೋಗಿ ಇಳಿದೆ.

ಸುಮಾ


ಅಶೋಕಪುರಂ
27 ಏಪ್ರಿಲ್ 2025

ಮಂಗಳಕ್ಕ,

ಮೂರು ವಾರದಿಂದ ನಿಮ್ಮೂರಿನ ಕರೆಯೇ ಇಲ್ಲ. ಇವತ್ತು ಕೂಗಿ ಕೂಗಿ ಸಾಕಾಯಿತು. ನನ್ನ ಮೇಲೆ ಕೋಪವೇ? ಇದ್ದರೆ ಬೈದಾದರೂ ಬರೆಯಿರಿ.

ಸುಮಾ


ಬೇಲದಹುಂಡಿ
6 ಮೇ 2025

ಸುಮಾ ಅವರಿಗೆ,

ನಿಮ್ಮ ಮೂರೂ ಕಾಗದ ಇವೆ. ಅಂಚೆಯವರ ತಪ್ಪಿಲ್ಲ.

ಯುಗಾದಿ ಕಳೆದು ಕೆಲವು ದಿನಕ್ಕೆ ಇಲ್ಲಿ ದೊಡ್ಡ ಗಾಳಿ ಎದ್ದಿತು. ಮೇಲುಕೊಪ್ಪಲಿನ ಆಂಟೆನಾ ತಿರುಗಿ ಕಾಡಿಗೆ ಮುಖ ಮಾಡಿ ನಿಂತಿತು. ನಮ್ಮವರಿಗೆ ಅದನ್ನು ನೋಡಿ ತಿಳಿಯುವುದಿಲ್ಲ. ಮೊದಲಾದರೆ ಮಾರನೇ ದಿನವೇ ರಾಜೇಶಪ್ಪ ಬರುತ್ತಿದ್ದರು. ಈ ಸಲ ಬರಲಿಲ್ಲ. ಯಾವ ಮುಖ ಇಟ್ಟುಕೊಂಡು ಬಂದಾರು. ಕರೆಯಲು ನನಗೂ ಬಾಯಿ ಬರಲಿಲ್ಲ.

ಅದಾದ ವಾರದಲ್ಲಿ ಒಂದು ಸಂಜೆ ಮೇಲುಕೊಪ್ಪಲಿನವರು ಆನೆ ಇಳಿದಿದೆ ಎಂದು ಸೆಟ್ಟಿನಲ್ಲಿ ಕೂಗಿದ್ದಾರೆ. ನಾನು ಸೆಟ್ಟಿನ ಮುಂದೆಯೇ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ನನಗೆ ಕೇಳಿದ್ದು ಟಕ್ ಟಕ್ ಒಂದೇ. ಸಿದ್ದಪ್ಪಾಜಿ ಮೋಟಾರ್ ನಿಲ್ಲಿಸಿ ಬರುತ್ತೇನೆಂದು ಹೊಲಕ್ಕೆ ಹೋದರು. ಆನೆ ಬಾಳೆಯ ಸಾಲಿನಲ್ಲೇ ಇತ್ತು. ಜೀವ ಉಳಿಯಿತು. ಸೊಂಟದ ಮೂಳೆ ಪುಡಿಯಾಗಿದೆ. ಇನ್ನು ಎದ್ದು ನಡೆಯುವುದಿಲ್ಲ ಅಂದಿದ್ದಾರೆ.

ನಾನು ನಿಮಗೆ ಒಂದು ವಿಷಯ ಹೇಳಿರಲಿಲ್ಲ. ಹೋದ ದೀಪಾವಳಿಯಲ್ಲಿ ಇದೇ ಹೊಲಕ್ಕೆ ಇದೇ ಮೋಟಾರ್ ನಿಲ್ಲಿಸಲು ಹೊರಟಿದ್ದವರನ್ನು ಮೇಲುಕೊಪ್ಪಲಿನ ಕೂಗು ಕೇಳಿ ಬಾಗಿಲಲ್ಲೇ ತಡೆದಿದ್ದೆ. ಆ ಆಂಟೆನಾ ಹಾಕಿ ಆಗ ತಿಂಗಳಾಗಿರಲಿಲ್ಲ. ಕದ್ದದ್ದೋ ಏನೋ, ನನ್ನ ಗಂಡನ ಜೀವ ಉಳಿಸಿತ್ತು. ಸಭೆಯ ದಿನ ನಾನು ಎದ್ದದ್ದು ಅಡುಗೆಗಲ್ಲ. ನೋಡಲಾಗಲಿಲ್ಲ, ಅದಕ್ಕೆ.

ನಿಮಗೆ ಸಿಕ್ಕಿದ್ದು ಸಿಗಬೇಕಾದ್ದೇ. ಅದರಲ್ಲಿ ತಪ್ಪು ಹುಡುಕುವುದಿಲ್ಲ. ಆದರೆ ರಾಜೇಶಪ್ಪನನ್ನು ಓಡಿಸಿದ ಮೇಲೆ ಕಂಬ ನೋಡಿಕೊಳ್ಳುವವರು ಯಾರು ಎಂದು ನೀವೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ. ಅವಸರವೇನಿಲ್ಲವಲ್ಲ ಎಂದು ಬರೆದಿರಿ.

ಇಪ್ಪತ್ತು ದಿನ ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿದ್ದೆ. ಅಶೋಕಪುರಂ ಬಸ್ಸು ಗೇಟಿನ ಮುಂದೆಯೇ ನಿಲ್ಲುತ್ತಿತ್ತು. ನಿಮ್ಮ ಮನೆಗೆ ಬರಬೇಕು ಅನ್ನಿಸಲಿಲ್ಲ.

ಮಂಗಳಮ್ಮ


ಅಶೋಕಪುರಂ
10 ಮೇ 2025

ಮಂಗಳಮ್ಮನವರಿಗೆ,

ಏನು ಬರೆದರೂ ನಾಲಿಗೆಯ ತುದಿಯ ಮಾತಾಗುತ್ತದೆ. ಬರೆಯುವುದಿಲ್ಲ.

ಕಾಲೇಜಿಗೆ ರಜೆ ಹಾಕಿದ್ದೇನೆ. ಹೊಸ ಆಂಟೆನಾಗಳಿಗೆ ಪೈಪುಗಳನ್ನು ಕತ್ತರಿಸಿ ಆಗಿದೆ. ಕೇಬಲ್ಲನ್ನು ನಡುಮಧ್ಯಕ್ಕೆ ತಂದು, ಅಲ್ಲೇ ಐದಾರು ಸುತ್ತು ಸುರುಳಿ ಕಟ್ಟಿ ನೇರ ಇಳಿಸಿ ನೋಡಿದೆ. ನಂಜನಗೂಡಿನ ಗೆಳೆಯರೊಬ್ಬರು ಮುಳ್ಳು ನೋಡಿ ಹೇಳಿದರು. ನಾಲ್ಕರ ಕಡೆ ಈಗ ಏಳುವುದಿಲ್ಲ.

ಹದಿನೆಂಟರ ಭಾನುವಾರ ಗೂಡ್ಸ್ ಆಟೋದಲ್ಲಿ ಬರುತ್ತೇನೆ. ಮೊದಲು ಮೇಲುಕೊಪ್ಪಲು, ಆಮೇಲೆ ನಿಮ್ಮ ಮನೆ. ಕಂಬ ನಾನೇ ಹತ್ತುತ್ತೇನೆ. ಮಾತಾಡಿಸಬೇಕೆಂದಿಲ್ಲ.

ಸುಮಾ


ಬೇಲದಹುಂಡಿ
2 ಜೂನ್ 2025

ಸುಮಾ,

ನಾಲ್ಕು ಊರು ಮುಗಿದವು. ನಿನ್ನೆ ಮಳೆಯಲ್ಲೂ ಮೇಲುಕೊಪ್ಪಲಿನ ಮಾತು ಪಕ್ಕದಲ್ಲಿ ಕೂತು ಆಡಿದ ಹಾಗೆ ಕೇಳಿತು. ಬೇಲಿಯ ಸದ್ದು ಇದೆಯೋ ಇಲ್ಲವೋ ಅನ್ನುವಷ್ಟು. ಸಿದ್ದಪ್ಪಾಜಿ ಈಗ ಸೆಟ್ಟಿನ ಪಕ್ಕಕ್ಕೇ ಮಂಚ ಹಾಕಿಸಿಕೊಂಡಿದ್ದಾರೆ. ಹತ್ತು ಊರಿನ ಕಾವಲು ನನ್ನದು ಅನ್ನುತ್ತಾರೆ.

ಎರಡನೇ ಭಾನುವಾರ ರಾಜೇಶನನ್ನು ಕರೆಸಿದ್ದು ನಾನೇ. ನಿನಗೆ ಹೇಳದೆ ಕರೆಸಿದೆ. ಅವನ ಹೆಂಡತಿಯ ತವರಿಗೆ ಹೋಗಿ ಹುಡುಕಿಸಿದೆ. ಮೊದಲ ಭಾನುವಾರ ನೀನು ಒಬ್ಬಳೇ ಕಂಬ ಹತ್ತುವುದನ್ನು ನೋಡಿದ್ದೆ, ಕೆಳಗೆ ನಿನ್ನ ಸೊಂಟದ ಹಗ್ಗ ಹಿಡಿಯುವವರಿಗೆ ಕೆಲಸ ಗೊತ್ತಿರಬೇಕಲ್ಲ. ಅವನು ಬಂದು ಹಗ್ಗ ಹಿಡಿದ. ನೀನು ನೋಡಿದೆ, ಬೇಡ ಅನ್ನಲಿಲ್ಲ, ಮಾತೂ ಆಡಲಿಲ್ಲ. ನೀನು ಇಳಿಯುವವರೆಗೆ ಅವನು ಕಣ್ಣು ಕೀಳಲಿಲ್ಲ. ಹಗ್ಗ ಬಿಟ್ಟಾಗ ಅಂಗೈ ಸುಲಿದಿತ್ತು.

ಹೋಗುವಾಗ ಕೇಳಿದ, "ಅವ್ರು ನನ್ನ ಕ್ಷಮಿಸಿದ್ರಾ ಅಕ್ಕಾ?" ನನಗೆ ಗೊತ್ತಿಲ್ಲಪ್ಪ, ಕೇಳಿ ಬರೆಯುತ್ತೇನೆ ಎಂದೆ. ಈಗ ಕೇಳುತ್ತಿದ್ದೇನೆ.

ನಿನ್ನಕ್ಕ,
ಮಂಗಳಮ್ಮ


ಅಶೋಕಪುರಂ
7 ಜೂನ್ 2025

ಅಕ್ಕ,

ಮತ್ತೆ ಅಕ್ಕ ಎಂದು ಬರೆಯಲು ಬಿಟ್ಟಿರಲ್ಲ, ಅಷ್ಟು ಸಾಕು.

ನಿಮ್ಮ ಪ್ರಶ್ನೆಗೆ ಉತ್ತರ, ಇಲ್ಲ. ಕ್ಷಮಿಸಿಲ್ಲ. ಅವನು ಕೆಳಗೆ ನಿಂತಿರುವುದನ್ನು ನೋಡಿದಾಗ ಇಳಿದು ಹೋಗಬಹುದಿತ್ತು. ಹಗ್ಗ ಅವನ ಕೈಯಲ್ಲಿದೆ ಎಂದು ಗೊತ್ತಿದ್ದೇ ಹತ್ತಿದೆ. ಮೇಲೆ ಹೋದ ಮೇಲೆ ಬೇಕೆಂದೇ ನಿಧಾನ ಮಾಡಿದೆ. ಬಿಗಿಯಾದ ಬೋಲ್ಟನ್ನು ಬಿಚ್ಚಿ ಮತ್ತೆ ಬಿಗಿ ಮಾಡಿದೆ. ಅವನು ಕತ್ತೆತ್ತಿ ನೋಡುತ್ತಾ ಬೆವರಬೇಕಿತ್ತು. ಬೆವರಿದ. ಒಂದು ಸಲ ನನ್ನ ಕಾಲು ನಿಜವಾಗಿ ಜಾರಿತು, ನೀವು ಆಗ ಒಂದು ಗಳಿಗೆ ಒಳಗೆ ಹೋಗಿದ್ದಿರಿ. ಅವನು ಕೂಗಲಿಲ್ಲ, ಹಗ್ಗವನ್ನು ಮೈಗೆ ಸುತ್ತಿಕೊಂಡು ನೆಲಕ್ಕೆ ಕೂತುಬಿಟ್ಟ. ಹಗ್ಗ ಬಿಗಿದು ನಾನು ಬೀಳದೆ ನಿಂತೆ. ಇದನ್ನು ನಿಮಗೆ ಹೇಳಬಾರದೆಂದಿದ್ದೆ.

ಇದರಿಂದ ಪ್ರೇಮ್ ವಿಷಯ ಸರಿಹೋಯಿತೆಂದು ಅವನು ತಿಳಿಯಬಾರದು. ಎಲ್ಲ ಆಂಟೆನಾದ ಮೇಲೂ ಅವನೇ ತನ್ನ ಕೈಯಿಂದ "ಪ್ರೇಮ್‌ಕುಮಾರ್, ಅಶೋಕಪುರಂ" ಎಂದು ಪೇಂಟಿನಲ್ಲಿ ಬರೆಯಬೇಕು. ಕಟ್ಟಿ ಆಗಿರುವ ನಾಲ್ಕಕ್ಕೂ ಬರೆಯಬೇಕು. ನನ್ನ ಜೀವ ಇರುವ ತನಕ ಗಾಳಿ ಬೀಸಿದ ಮಾರನೇ ದಿನ ಅವನು ಹತ್ತೂ ಊರು ಸುತ್ತಬೇಕು. ಒಂದು ಸಲ ತಪ್ಪಿಸಿದರೂ ಆ ರೆಕಾರ್ಡ್ ನನ್ನ ಬಳಿ ಇದೆ ಎಂದು ಹೇಳಿ.

ಇನ್ನು ಆರು ಊರು ಬಾಕಿ ಇವೆ. ಹದಿನೈದರ ಭಾನುವಾರ ಏಳು ಗಂಟೆಗೆಲ್ಲ ಬಂದಿರಲಿ. ಕೈಗೆ ಬಟ್ಟೆ ಸುತ್ತಿಕೊಂಡು ಬರಲಿ, ಸುಲಿದ ಕೈಯಲ್ಲಿ ಹಿಡಿತ ಸಿಗುವುದಿಲ್ಲ. ನೀವೇ ಹೇಳಿ ಅಕ್ಕ. ನಾನು ಅವನ ಜೊತೆ ಮಾತಾಡುವುದಿಲ್ಲ.

ಸುಮಾ